ಪ್ರೊಜೆಕ್ಟರ್ ಒಂದೇ, ಕೇಬಲ್ ಮೂರು: ಆರು ವರ್ಷದ ಅನುಭವ

ಮುಂಬಯಿ ಮುಲುಂಡ್‌ನ ನಮ್ಮ ಮನೆಯ ಹಾಲ್‌ನಲ್ಲಿ ಪ್ರೊಜೆಕ್ಟರ್ ನೇತು ಹಾಕಿ ಆರು ವರ್ಷವಾಯಿತು. 1080ಪಿ (ಅಂದರೆ ಚಿತ್ರದಲ್ಲಿ 1080 ಅಡ್ಡಸಾಲು) ಪ್ರೊಜೆಕ್ಟರ್, ಬಲ್ಬ್ ಒಂದು ಸಲ ಬದಲಿಸಿದ್ದೇನೆ ಅಷ್ಟೆ. ಕೇಬಲ್ ಮಾತ್ರ ಈಗಿರುವುದು ಮೂರನೆಯದು. ಟಿವಿ ಸ್ಟ್ಯಾಂಡಿನಿಂದ ಗೋಡೆ ಹತ್ತಿ, ಸೀಲಿಂಗ್ ದಾಟಿ ಹೋಗಲು 12 ಮೀಟರ್ ಬೇಕು. ತಲೆನೋವೆಲ್ಲ ಆ 12 ಮೀಟರಿನದ್ದು.

ಮೊದಲು ವಿಜಿಎ, ಹಳೇ ಕಂಪ್ಯೂಟರಿನ ಚಿತ್ರದ ಕೇಬಲ್. ಆಫೀಸಿನಲ್ಲಿ ಬಿಸಾಡಲು ಇಟ್ಟಿದ್ದ 15 ಮೀಟರ್ ಕೇಬಲ್ ಪುಕ್ಕಟೆ ಸಿಕ್ಕಿತು. ಐಬಿಎಂ 1987ರಲ್ಲಿ ತಂದ ಅದೇ 15 ಪಿನ್ನಿನ ತಲೆ, ಎರಡೂ ಕಡೆ ಸ್ಕ್ರೂ. ಗೋಡೆಯೊಳಗಿನ ಪೈಪಿನಲ್ಲಿ ತೂರಿಸಲು ಒಂದು ತಲೆ ಕತ್ತರಿಸಿ, ಆಮೇಲೆ ಮತ್ತೆ ಬೆಸುಗೆ ಹಾಕಿಸಿದೆ. ಸಿನಿಮಾ ನೋಡಲು ಅಡ್ಡಿಯಿರಲಿಲ್ಲ. ಆದರೆ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಬಂದರೆ ಪ್ರತಿ ಅಕ್ಷರದ ಬಲಕ್ಕೆ ತೆಳುವಾಗಿ ಇನ್ನೊಂದು ಅಕ್ಷರ, ನೆರಳಿನ ಹಾಗೆ. ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿದರೆ ಅಡ್ಡಪಟ್ಟಿಯೊಂದು ಮೆಲ್ಲಗೆ ಮೇಲೆ ಹತ್ತುತ್ತಿತ್ತು, ತೆಗೆದರೆ ಮಾಯ. ಅರ್ತಿಂಗ್ ತಕರಾರು. ಶಬ್ದಕ್ಕೆ ಬೇರೆ ವೈರ್ ಎಳೆಯಬೇಕು, ಅದೊಂದು ರಗಳೆ.

ಆಮೇಲೆ ಮನೆಗೆ ಇಂಟರ್ನೆಟ್ಟಿನ ಸಿನಿಮಾ ತೋರಿಸುವ ಸ್ಟ್ರೀಮಿಂಗ್ ಸ್ಟಿಕ್ ಬಂತು. ಅದಕ್ಕಿರುವುದು ಚಿತ್ರ, ಶಬ್ದ ಎರಡನ್ನೂ ಡಿಜಿಟಲ್ಲಾಗಿ ಒಯ್ಯುವ ಎಚ್‌ಡಿಎಂಐ ಒಂದೇ. ಅದನ್ನು ವಿಜಿಎಗೆ ಬದಲಿಸುವ ಕನ್ವರ್ಟರ್ ಹಾಕಿ ನೋಡಿದೆ. ಮೆನು ಬರುತ್ತದೆ, ಸಿನಿಮಾ ಒತ್ತಿದರೆ ಪರದೆ ಕಪ್ಪು. ಕಾಪಿ ತಡೆಯಲು ಇರುವ ಎಚ್‌ಡಿಸಿಪಿ ಬೀಗ ವಿಜಿಎಯಂಥ ಅನಲಾಗ್ ದಾರಿಯಲ್ಲಿ ತೆರೆಯುವುದಿಲ್ಲ.

ದಾದರ್‌ನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಒಂದು ಅಂಗಡಿಯವನು 15 ಮೀಟರಿನ ತಾಮ್ರದ ಎಚ್‌ಡಿಎಂಐ ಕೊಟ್ಟ. ಚಿನ್ನದ ಲೇಪ, 4ಕೆ ಅಂತೆಲ್ಲ ಡಬ್ಬಿ ಮೇಲೆ ಬರೆದಿತ್ತು. ಪೈಪಿನಲ್ಲಿ ಹೋಗಲಿಲ್ಲ, ಗೋಡೆ ಮೇಲೆ ಪಟ್ಟಿ ಹೊಡೆಸಿದೆ. ಚಿತ್ರ ನೋಡಿ ಖುಷಿಯಾಯಿತು. ನೆರಳಿಲ್ಲ, ಪಟ್ಟಿಯಿಲ್ಲ, ಶಬ್ದವೂ ಅದರಲ್ಲೇ. ಆದರೆ ಫ್ಯಾನಿನ ಸ್ವಿಚ್ ಒತ್ತಿದಾಗಲೆಲ್ಲ ಮೂರು ಸೆಕೆಂಡ್ ಪರದೆ ಕಪ್ಪು. 2023ರ ನವೆಂಬರ್ 19, ವಿಶ್ವಕಪ್ ಫೈನಲ್. ಹಾಲ್ ತುಂಬ ಬಿಲ್ಡಿಂಗಿನವರು. ಸೆಕೆ ಅಂತ ಯಾರೋ ಇನ್ನೊಂದು ಫ್ಯಾನ್ ಹಾಕಿದರು. ಚಿತ್ರ ವಾಪಸ್ ಬರುವಷ್ಟರಲ್ಲಿ ರೋಹಿತ್ ಪೆವಿಲಿಯನ್ ಕಡೆ ನಡೆಯುತ್ತಿದ್ದರು. ಟ್ರಾವಿಸ್ ಹೆಡ್ ಹಿಂದಕ್ಕೆ ಓಡಿ ಹಿಡಿದ ಆ ಕ್ಯಾಚನ್ನು ನಾವು ರೀಪ್ಲೇಯಲ್ಲೇ ನೋಡಿದ್ದು.

‘ಆ ನೆರಳಿನ ಕೇಬಲ್ಲೇ ವಾಸಿ ಇತ್ತು ಕಣ್ರೀ’ ಅಂದಳು ಹೆಂಡತಿ. ಮಾತು ಸುಳ್ಳಲ್ಲ. ಅನಲಾಗ್ ಸೊರಗಿದರೆ ಚಿತ್ರ ಮಂಕಾಗುತ್ತದೆ, ಆಟ ನಿಲ್ಲುವುದಿಲ್ಲ. ಡಿಜಿಟಲ್ ಹಾಗಲ್ಲ. ಕೊನೆವರೆಗೂ ಫಳಫಳ, ಆಮೇಲೆ ಒಂದಿಷ್ಟು ಬಿಳಿ ಚುಕ್ಕೆ, ಆಮೇಲೆ ಏನೂ ಇಲ್ಲ. ಚಿನ್ನದ ಲೇಪಕ್ಕೂ ಚಿತ್ರದ ಚಂದಕ್ಕೂ ಸಂಬಂಧವೇ ಇಲ್ಲ. ನಮ್ಮ ಮುಂಬಯಿ ಹವೆಗೆ ಪಿನ್ ಬೇಗ ಕಿಲುಬು ಹಿಡಿಯದಿರಬಹುದು, ಅಷ್ಟೆ. ಕೇಬಲ್ ಮೇಲೆ ಅನುಮಾನವಿದ್ದರೆ ಒಂದು ಪರೀಕ್ಷೆ ಮಾಡಿ: ಸ್ಟಿಕ್‌ನ ಸೆಟ್ಟಿಂಗ್‌ನಲ್ಲಿ 720ಪಿಗೆ ಇಳಿಸಿ. 1080ಪಿಗೆ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್ ಮಾಹಿತಿ ಹರಿಯಬೇಕು, 720ಪಿಗೆ ಅದರ ಅರ್ಧ ಸಾಕು. ನಮ್ಮಲ್ಲಿ ಇಳಿಸಿದ ತಕ್ಷಣ ಕಪ್ಪಾಗುವುದು ನಿಂತಿತು. ಅಂದರೆ ತಪ್ಪು ಪ್ರೊಜೆಕ್ಟರಿನದಲ್ಲ, ಕೇಬಲ್ಲಿನದು.

ಈಗಿರುವುದು ಆಪ್ಟಿಕಲ್ ಎಚ್‌ಡಿಎಂಐ, ಚಿತ್ರವನ್ನು ಬೆಳಕಿನಲ್ಲಿ ಒಯ್ಯುವ ಕೇಬಲ್. ಸಣ್ಣ ತಲೆ, ಪೈಪಿನಲ್ಲಿ ಹೋಗುತ್ತದೆ, ದೊಡ್ಡ ತಲೆಯನ್ನು ಆಮೇಲೆ ಸಿಕ್ಕಿಸಬಹುದು. ಪೈಪಿನಲ್ಲೇ ಉಳಿದಿದ್ದ ಹಳೇ ವಿಜಿಎ ಬಾಲಕ್ಕೆ ಇದನ್ನು ಕಟ್ಟಿ ಎಳೆದೆವು. ಒಂದು ಗಂಟೆ ಬೆವರು ಸುರಿಸಿ ಚುಚ್ಚಿದರೆ ಚಿತ್ರವೇ ಇಲ್ಲ! ಈ ಕೇಬಲ್ಲಿಗೆ ದಿಕ್ಕಿದೆ, ಒಂದು ತುದಿ ಸ್ಟಿಕ್‌ಗೆ, ಇನ್ನೊಂದು ಪ್ರೊಜೆಕ್ಟರಿಗೆ. ‘ದೋನೋ ಬಾಜು ಸೇಮ್ ಹೈ ಸಾಬ್’ ಅಂದಿದ್ದ ಎಲೆಕ್ಟ್ರಿಷಿಯನ್. ತಲೆ ಮೇಲಿನ ಪುಟ್ಟ ಅಕ್ಷರ ನಾನೂ ಓದಿರಲಿಲ್ಲ. ಎಲ್ಲ ಹೊರಗೆ ಎಳೆದು ಮತ್ತೆ ಹಾಕಿದೆವು. ನೀವು ಮೊದಲು ನೆಲದ ಮೇಲೇ ಚುಚ್ಚಿ ನೋಡಿ.

ಎರಡು ವರ್ಷವಾಗುತ್ತಾ ಬಂತು, ಯಾವ ಫ್ಯಾನಿಗೂ ಜಗ್ಗಿಲ್ಲ. ಒಳಗೆ ಗಾಜಿನ ಎಳೆಯಿರುವುದರಿಂದ ಮೂಲೆಯಲ್ಲಿ ಮಡಚಬಾರದು. ತಾಮ್ರದ್ದಕ್ಕಿಂತ ರೇಟೂ ಜಾಸ್ತಿ. ನಿಮ್ಮ ದೂರ ನಾಲ್ಕೈದು ಮೀಟರ್ ಆದರೆ ಸುಮ್ನೆ ಸಾಧಾರಣ ಎಚ್‌ಡಿಎಂಐ ತಂದು ಹಾಕಿ, ಇಷ್ಟೆಲ್ಲ ಬೇಡ.