ಒಳಗೆ ಯಾರೂ ಗೊತ್ತಿಲ್ಲದವರಿಗೆ ಇಸ್ರೋ ಅರ್ಜಿ: ಹಾಸನದ ಒಬ್ಬ ತಂದೆಯ ವಿಮರ್ಶೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆ ಎಂಸಿಎಫ್, ಅಂದರೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಹೊಸದಲ್ಲ. ಅಲ್ಲಿಯ ಬಿಳಿ ಆಂಟೆನಾಗಳ ಚಿತ್ರ ಬರೆಯುತ್ತ ಬೆಳೆದ ನನ್ನ ಮಗಳು ಕೊನೆಗೆ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದಳು. 2025ರ ಮೇ ಕೊನೆಯಲ್ಲಿ ಇಸ್ರೋದ ಕೇಂದ್ರೀಕೃತ ನೇಮಕಾತಿ ಮಂಡಳಿಯು ವಿಜ್ಞಾನಿ/ಎಂಜಿನಿಯರ್ ‘ಎಸ್‌ಸಿ’ ಹುದ್ದೆಗಳಿಗೆ ಅರ್ಜಿ ಕರೆದಾಗ (ಇಲ್ಲಿ ‘ಎಸ್‌ಸಿ’ ಎಂಬುದು ಹುದ್ದೆಯ ದರ್ಜೆಯ ಗುರುತೇ ಹೊರತು ಮೀಸಲಾತಿಯದಲ್ಲ) ಅವಳು ನಾಲ್ಕು ದಿನ ಏನೂ ಮಾತನಾಡಲಿಲ್ಲ. ಐದನೆಯ ರಾತ್ರಿ ಊಟಕ್ಕೆ ಕುಳಿತಾಗ, “ಅಪ್ಪಾ, ಅಲ್ಲಿ ನಮಗೆ ಗೊತ್ತಿರೋರು ಯಾರೂ ಇಲ್ವಲ್ಲ, ಹಾಕಿ ಏನು ಪ್ರಯೋಜನ?” ಎಂದು ಕೇಳಿದಳು.

ಆ ಪ್ರಶ್ನೆ ಕೇಳಿ ನನಗೆ ಅನ್ನ ಇಳಿಯಲಿಲ್ಲ. ಐಟಿಐ ಮುಗಿಸಿದ ವರ್ಷ ನಾನು ಒಂದು ಕಾರ್ಖಾನೆಯ ಜಾಹೀರಾತನ್ನು ಪತ್ರಿಕೆಯಿಂದ ಕತ್ತರಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ವಶೀಲಿ ಇಲ್ಲದೆ ಅಲ್ಲಿ ಗೇಟೂ ತೆರೆಯುವುದಿಲ್ಲ ಎಂದು ಬಂಧುಗಳೊಬ್ಬರು ಹೇಳಿದ್ದನ್ನು ನಂಬಿ, ಕೊನೆಯ ದಿನಾಂಕ ದಾಟುವವರೆಗೂ ಅರ್ಜಿ ಹಾಕಲಿಲ್ಲ. ಆಯ್ಕೆ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ಆ ಜಾಹೀರಾತಿನಲ್ಲಿ ಒಂದು ಸಾಲೂ ಇರಲಿಲ್ಲವಾದ್ದರಿಂದ, ಬಂಧುಗಳ ಮಾತನ್ನು ಒರೆಗೆ ಹಚ್ಚಿ ನೋಡಲು ನನ್ನ ಬಳಿ ಏನೂ ಇರಲಿಲ್ಲ. ಈ ಬಾರಿ ಹಾಗಾಗಬಾರದೆಂದು ಅಧಿಸೂಚನೆಯನ್ನು ಪ್ರಿಂಟ್ ತೆಗೆಸಿ, ತಂದೆ ಮಗಳಿಬ್ಬರೂ ಪೆನ್ಸಿಲ್ ಹಿಡಿದು ಓದಿದೆವು.

ಒಟ್ಟು 320 ಹುದ್ದೆಗಳು, ಅವುಗಳಲ್ಲಿ ಎಲೆಕ್ಟ್ರಾನಿಕ್ಸ್‌ಗೆ 113. ಪದವಿಯಲ್ಲಿ ಶೇ. 65 ಅಥವಾ 10ಕ್ಕೆ 6.84 ಸಿಜಿಪಿಎ ಇರಬೇಕು. ವಯಸ್ಸಿನ ಮಿತಿ ಸಾಮಾನ್ಯವಾಗಿ 28. ಈ ಎರಡು ಷರತ್ತುಗಳನ್ನೂ ಅವಳು ಪೂರೈಸಿದ್ದಳು. ಲಿಖಿತ ಪರೀಕ್ಷೆ ಎರಡು ಗಂಟೆಯದು: ಸ್ವಂತ ವಿಷಯದ 80 ಪ್ರಶ್ನೆಗಳಿಗೆ 80 ಅಂಕ, ತಪ್ಪು ಉತ್ತರಕ್ಕೆ ಒಂದು ಅಂಕದ ಮೂರನೇ ಒಂದು ಭಾಗ ಕಡಿತ, ತಾರ್ಕಿಕ ಸಾಮರ್ಥ್ಯದ 15 ಪ್ರಶ್ನೆಗಳಿಗೆ 20 ಅಂಕ, ಅಲ್ಲಿ ಕಡಿತವಿಲ್ಲ. ಒಂದು ಹುದ್ದೆಗೆ ಐವರಂತೆ ಸಂದರ್ಶನಕ್ಕೆ ಕರೆಯುತ್ತಾರೆ. ಮಗಳು ಹಾಳೆಯ ಅಂಚಿನಲ್ಲಿ ಗುಣಿಸಿ 565 ಎಂದು ಬರೆದು, ಅದರ ಸುತ್ತ ವೃತ್ತ ಎಳೆದಳು. ದೇಶಕ್ಕೆಲ್ಲ ಸೇರಿ ಅದು ದೊಡ್ಡ ಸಂಖ್ಯೆಯಲ್ಲ. ಆದರೂ ಅಲ್ಲಿಯವರೆಗೆ ಹೋಗಲು ಬೇಕಾದದ್ದು ಅಂಕಗಳು ಮಾತ್ರ ಎಂಬುದು ಅವಳ ಮುಖದ ಮೇಲೆ ಅಷ್ಟಿಷ್ಟು ಬೆಳಕು ತಂದಿತು.

ನಿಜವಾದ ಅನುಮಾನ ಇದ್ದದ್ದು ಸಂದರ್ಶನದ ಮೇಲೆ. ಕೇಂದ್ರ ಸರ್ಕಾರದ ಕೆಳಹಂತದ ಹುದ್ದೆಗಳಿಗೆ 2016ರಿಂದ ಸಂದರ್ಶನವೇ ಇಲ್ಲ, ಆದರೆ ಇದು ‘ಎ’ ಗುಂಪಿನ ಹುದ್ದೆ. ಅಂತಿಮ ಪಟ್ಟಿಯಲ್ಲಿ ಲಿಖಿತ ಪರೀಕ್ಷೆಗೆ ಅರ್ಧ, ಸಂದರ್ಶನಕ್ಕೆ ಅರ್ಧ ತೂಕವಿದೆ. ಅರ್ಧ ಎಂಬುದು ಹೆಚ್ಚಾಯಿತೆಂದೇ ನನ್ನ ಅಭಿಪ್ರಾಯ. ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತನಾಡುವ ಮನೆಗಳಿಂದ ಬಂದವರಿಗೆ ಅದು ಅನುಕೂಲ. ಆದರೆ ಸಂದರ್ಶನದ ನೂರು ಅಂಕಗಳನ್ನು ಹೇಗೆ ಹಂಚುತ್ತಾರೆಂದೂ ಅಧಿಸೂಚನೆಯಲ್ಲಿ ಹೇಳಿದ್ದಾರೆ: ವಿಷಯದ ತಾಂತ್ರಿಕ ಜ್ಞಾನಕ್ಕೆ 40, ಅದೇ ಕ್ಷೇತ್ರದ ಸಾಮಾನ್ಯ ಅರಿವಿಗೆ 20, ಮಂಡನೆ ಮತ್ತು ಸಂವಹನಕ್ಕೆ 20, ಗ್ರಹಿಕೆಗೆ 10, ಶೈಕ್ಷಣಿಕ ಸಾಧನೆಗೆ 10. ಓದಿನಿಂದ ಗಳಿಸಬಹುದಾದ ಪಾಲು ಯಾವುದು, ಅಭ್ಯಾಸದಿಂದ ತಿದ್ದಿಕೊಳ್ಳಬೇಕಾದ ಪಾಲು ಯಾವುದು ಎಂದು ಗುರುತು ಹಾಕಲು ಸಾಧ್ಯವಾದದ್ದು ಇದರಿಂದಲೇ. ನೇಮಕಾತಿ ಸೇವೆಯೊಂದರಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಈ ಬಿಚ್ಚುಮಾತಿಗೆ. ಇನ್‌ಫ್ಲುಯೆನ್ಸ್ ಇಲ್ಲದ ಮನೆಯವರು ತಮ್ಮ ಮಕ್ಕಳಿಗೆ ತೋರಿಸಿ ಧೈರ್ಯ ಹೇಳಬಹುದಾದ ಕಾಗದ ಅದೊಂದೇ.

ಶುಲ್ಕದ ವ್ಯವಸ್ಥೆಯೂ ನನಗೆ ಹಿಡಿಸಿತು. ಮೊದಲಿಗೆ ಎಲ್ಲರೂ 750 ರೂಪಾಯಿ ಕಟ್ಟಬೇಕು. ಪರೀಕ್ಷೆಗೆ ಹಾಜರಾದರೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಮಾಜಿ ಸೈನಿಕರಿಗೆ ಪೂರ್ತಿ ಹಣ, ಉಳಿದವರಿಗೆ 500 ರೂಪಾಯಿ ಮರಳುತ್ತದೆ. ಹಾಕಿ ಸುಮ್ಮನಾಗುವವರಿಗಿಂತ ಬಂದು ಬರೆಯುವವರಿಗೆ ಅನುಕೂಲವಾಗುವಂತೆ ಇದನ್ನು ರೂಪಿಸಲಾಗಿದೆ. ಮೊದಲಿಗೆ 750 ಹೊಂದಿಸುವುದೇ ಕಷ್ಟವಾಗುವ ಮನೆಗಳಿವೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಅದೇ ವಾರ ನಮ್ಮ ಬಡಾವಣೆಯಲ್ಲಿ ಒಬ್ಬರು, ಒಳಗೆ ತಮ್ಮವರಿದ್ದಾರೆ, ಎರಡು ಲಕ್ಷ ಹೊಂದಿಸಿದರೆ ಸಂದರ್ಶನ ತಾವು ನೋಡಿಕೊಳ್ಳುತ್ತೇವೆ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ನಾನು ಪೆನ್ಸಿಲ್ ಗುರುತುಗಳಿದ್ದ ಆ ಹಾಳೆಗಳನ್ನು ಅವರ ಮುಂದಿಟ್ಟು, ಇದರಲ್ಲಿ ಯಾವ ಅಂಕವನ್ನು ನೀವು ಕೊಡಿಸುತ್ತೀರಿ ಎಂದು ಕೇಳಿದೆ. ಅವರು ಓದಲೂ ಇಲ್ಲ, ಮತ್ತೆ ಬರಲೂ ಇಲ್ಲ. ಹೀಗೆ ಬರುವವರಿಗೆ ದುಡ್ಡು ಕೊಡಬೇಡಿರೆಂದು ಇದನ್ನು ಓದುವ ಎಲ್ಲ ತಂದೆ ತಾಯಂದಿರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕೊನೆಯ ದಿನ ಜೂನ್ 16 ಆಗಿತ್ತು; ಮಗಳು ಎರಡು ದಿನ ಮೊದಲೇ ಅರ್ಜಿ ಸಲ್ಲಿಸಿ, ಪರೀಕ್ಷಾ ಕೇಂದ್ರವಾಗಿ ಬೆಂಗಳೂರನ್ನು ಆರಿಸಿಕೊಂಡಳು. ನೋಂದಣಿ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದಾಳೆ. ಬೆಳಿಗ್ಗೆ ಐದೂವರೆಗೆ ಅವಳ ಕೋಣೆಯ ದೀಪ ಹೊತ್ತಿಕೊಳ್ಳುತ್ತದೆ, ನಾನು ಕಾಫಿ ಇಟ್ಟು ಬರುತ್ತೇನೆ.