ಹೊಳೆ ನೀರಲ್ಲಿ ಮುಳುಗಿದ ಸ್ಟಿಲ್ ಎಂಎಸ್ 180: ಇಷ್ಟು ವರ್ಷದ ಮೇಲೆ ಹೇಗಿದೆ?

ಮರಗಸಿಗೆ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯಲಿಕ್ಕೆ, ಮಳೆಗಾಲದಲ್ಲಿ ದಾರಿಗೆ ಬಿದ್ದ ಮರ ಕೊಯ್ಯಲಿಕ್ಕೆ ನಮ್ಮ ತೋಟದಲ್ಲಿರುವುದು ಸ್ಟಿಲ್ ಎಂಎಸ್ 180 ಪೆಟ್ರೋಲ್ ಚೈನ್ ಗರಗಸ. 31.8 ಸಿಸಿ ಎಂಜಿನ್, ಬಾರ್ (ಚೈನ್ ಓಡುವ ಉದ್ದ ಪಟ್ಟಿ) ಮತ್ತು ಚೈನ್ ಬಿಟ್ಟರೆ ಸುಮಾರು 4 ಕೆಜಿ ತೂಕ. ದೊಡ್ಡ ಹಲಸಿನ ಬುಡಕ್ಕೆ ಸಾಲದು, ಸಿಲ್ವರ್ ಓಕ್ ಕೊಂಬೆಗೆ ಧಾರಾಳ. ಇದನ್ನೆಲ್ಲ ಬೇರೆಯವರೂ ಬರೆದಿದ್ದಾರೆ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕೊಡಗಿನ ಕರಡಿಗೋಡಿನ ಕಡೆ ನಮ್ಮ ಶೆಡ್ ಮುಳುಗಿತು, ಒಳಗಿದ್ದ ಈ ಮಿಷನ್ನೂ ಮುಳುಗಿತು. ಇವತ್ತಿಗೂ ಅದೇ ಓಡುತ್ತಿದೆ.

"ಬಿಸಿಲಿಗಿಟ್ಟು ಒಣಗಿಸಿ, ಆಮೇಲೆ ಸ್ಟಾರ್ಟರ್ ಹಗ್ಗ ಎಳೀರಿ" ಅಂದವರು ಬಹಳ. ಆಗಸ್ಟ್‌ನಲ್ಲಿ ಕೊಡಗಿಗೆ ಬಿಸಿಲಾದರೂ ಎಲ್ಲಿಂದ ಬರಬೇಕು, ಅಲ್ವಾ? ಸ್ಪಾರ್ಕ್ ಪ್ಲಗ್ ಬಿಚ್ಚದೆ ಹಗ್ಗ ಎಳೆಯಲೇಬಾರದು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದು ಪಿಸ್ಟನ್ ಮೇಲೆ ಬಂದರೆ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಓಡುತ್ತಿರುವಾಗಲೇ ನೀರಿಗೆ ಬಿದ್ದರೆ ಈ ಅಪಾಯ ಜಾಸ್ತಿ. ನಮ್ಮದು ಆಫ್ ಆಗಿತ್ತು, ಪುಣ್ಯ.

ಮೊದಲು ಒಳ್ಳೆ ನೀರಲ್ಲಿ ಕೆಸರು ತೊಳೆದೆವು. ಪ್ಲಗ್ ಬಿಚ್ಚಿ, ಪ್ಲಗ್ಗಿನ ತೂತು ಕೆಳಗಾಗುವಂತೆ ಹಿಡಿದು, ಹಗ್ಗವನ್ನು ನಿಧಾನಕ್ಕೆ ಎಳೆದಾಗ ಕಂದು ನೀರು ಸುರಿಯಿತು. ಸೈಲೆನ್ಸರ್ ಬಿಚ್ಚಿದರೆ ಅಲ್ಲೂ ನೀರು. ಪೆಟ್ರೋಲ್ ಟ್ಯಾಂಕ್, ಚೈನ್ ಆಯಿಲ್ ಟ್ಯಾಂಕ್ ಎರಡನ್ನೂ ಪೂರ್ತಿ ಖಾಲಿ ಮಾಡಬೇಕು. ನೀರು ತಳದಲ್ಲಿ ಕೂತಿರುತ್ತದೆ, ಮೇಲಿಂದ ನೋಡಿದರೆ ಗೊತ್ತಾಗುವುದಿಲ್ಲ. ಟ್ಯಾಂಕಿನೊಳಗಿನ ಫಿಲ್ಟರ್ ಹೊಸದೇ ಹಾಕಿ, ಅದಕ್ಕೆ ಜಿಪುಣತನ ಬೇಡ. ಕಾರ್ಬೋರೇಟರ್ ಬಿಚ್ಚಿ ಪೆಟ್ರೋಲಲ್ಲಿ ತೊಳೆಯಬೇಕು. ಅದರೊಳಗಿನ ಡಯಾಫ್ರಾಮ್ ತೆಳ್ಳಗಿನ ಹಾಳೆ, ಕಂಪ್ರೆಸರ್ ಗಾಳಿ ಹೊಡೆದರೆ ಹರಿದೀತು.

ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ಆದರೆ ಮಿಷನ್ ಸಾಯುವುದು ಎಂಜಿನ್ನಿನ ಒಳಗೆ ತಿರುಗುವ ಕ್ರ್ಯಾಂಕಿನ ಬೇರಿಂಗ್ ತುಕ್ಕು ಹಿಡಿಯುವುದರಿಂದ. ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಸಂಪ್ (ಆಯಿಲ್ ನಿಲ್ಲುವ ಜಾಗ) ಇಲ್ಲ, ಪೆಟ್ರೋಲಿನ ಜೊತೆ ಬೆರೆತು ಬರುವ 2ಟಿ (ಟೂ ಸ್ಟ್ರೋಕ್) ಆಯಿಲ್ ಒಂದೇ ಅದಕ್ಕೆ ಗತಿ. ಹಾಗಾಗಿ ಆಯಿಲ್ ಜಾಸ್ತಿ ಬೆರೆಸಿದ ಪೆಟ್ರೋಲನ್ನು ಕಾರ್ಬೋರೇಟರ್ ಕೂರುವ ಬಾಯಿಯಿಂದ ಒಳಗೆ ಹುಯ್ದು, ಕುಲುಕಿ, ಚೆಲ್ಲಿ, ಮತ್ತೆ ಹುಯ್ದೆವು. ಹೊರಗೆ ಬರುವ ಪೆಟ್ರೋಲ್ ತಿಳಿಯಾಗುವ ತನಕ. ನೀರಿಂದ ತೆಗೆದ ದಿನವೇ ಇದು ಆಗಬೇಕು. ಗಾಳಿ ತಾಗಿದ ಮೇಲೆ ತುಕ್ಕು ಕಾಯುವುದಿಲ್ಲ. ಪೆಟ್ರೋಲ್ ಪೂರ್ತಿ ಆರಿದ ಮೇಲಷ್ಟೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಅದೂ ಬಯಲಲ್ಲಿ.

ಆಮೇಲಿನ ಕಥೆ? ಹಗ್ಗ ಸುತ್ತುವ ಸ್ಪ್ರಿಂಗ್ ತುಕ್ಕು ಹಿಡಿದು ತುಂಡಾಯಿತು. ಸ್ಟಾರ್ಟರ್ ಕವರಿನೊಳಗಿನ ಕೆಸರು ಪೂರ್ತಿ ಹೋಗಿರಲಿಲ್ಲ. ಡಯಾಫ್ರಾಮ್ ಒಮ್ಮೆ ಬದಲಾಯಿತು. ಹಳೆ ಚೈನ್ ಗುಜರಿಗೆ ಹೋಯಿತು. ಎಂಜಿನ್ ಮುಟ್ಟಿಲ್ಲ. ಒಂದು ಲೀಟರಿಗೆ 20 ಎಂಎಲ್ ಆಯಿಲ್ ಲೆಕ್ಕ ತಪ್ಪಿಸಿಲ್ಲ.

ಬ್ಯಾಟರಿ ಗರಗಸ ಮುಳುಗಿದ್ದರೆ ನಾನು ಇಷ್ಟು ಕೈ ಹಾಕುತ್ತಿರಲಿಲ್ಲ. ನೀರು ಹೊಕ್ಕ ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದು ಬೆಂಕಿಯ ಜೊತೆ ಆಟ. ಪ್ರವಾಹದ ಊರಲ್ಲಿ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಮಿಷನ್ ಕೊಳ್ಳುವುದಾದರೆ ಸೈಲೆನ್ಸರ್ ಬಿಚ್ಚಿಸಿ ಪಿಸ್ಟನ್ ನೋಡಿ. ಉದ್ದಕ್ಕೆ ಗೀರು ಕಂಡರೆ, ಅಥವಾ ಫ್ಲೈವೀಲ್ (ಕ್ರ್ಯಾಂಕಿನ ತುದಿಯ ಭಾರದ ಚಕ್ರ) ಕೈಯಲ್ಲಿ ಅಲ್ಲಾಡಿಸಿದಾಗ ಸಡಿಲ ಅನ್ನಿಸಿದರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.