ಅಮೆರಿಕದ ಅಡುಗೆಮನೆಗೆ 110 ವೋಲ್ಟ್ ಮಿಕ್ಸಿ: ಪುಟ್ಟ ಮಕ್ಕಳಿರುವ ಮನೆಗೆ ಒದಗುವುದೆಷ್ಟು?

ಸಂಸಾರ ಸಮೇತ ಅಮೆರಿಕಕ್ಕೆ ಹೊರಟವರು ಊರಿನ ಮಿಕ್ಸಿಯನ್ನು ಸೂಟ್‌ಕೇಸಿಗೆ ತುರುಕುವುದು ಬೇಡ. ಅಲ್ಲಿನ ಗೋಡೆಯ ಸಾಕೆಟ್‌ನಲ್ಲಿ ಬರುವುದು 120 ವೋಲ್ಟ್, ನಮ್ಮ ಮಿಕ್ಸಿಗೆ ಬೇಕಾದದ್ದು 230. ಅಡಾಪ್ಟರ್ ಪಿನ್ನನ್ನು ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಖಾಲಿ ಜಾರ್ ನಿಧಾನವಾಗಿ ತಿರುಗೀತು. ಕಾಯಿತುರಿ ಬಿದ್ದೊಡನೆ ಮುಕ್ಕರಿಸಿ ನಿಲ್ಲುತ್ತದೆ, ಮೋಟಾರ್ ಕಾಯುತ್ತದೆ. ವೋಲ್ಟೇಜ್ ಏರಿಸಿಕೊಡುವ ಪೆಟ್ಟಿಗೆ, ಅಂದರೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್, ಇಟ್ಟು ಓಡಿಸಬಹುದು. ಆದರೆ ಶುರುವಾಗುವ ಕ್ಷಣದಲ್ಲಿ ಮೋಟಾರ್ ಹೆಚ್ಚು ಕರೆಂಟ್ ಎಳೆಯುವುದರಿಂದ 750 ವ್ಯಾಟ್ ಮಿಕ್ಸಿಗೆ 1500 ವ್ಯಾಟ್‌ನದಾದರೂ ಬೇಕು. ಅದು ಹೊರಲಾರದ ಭಾರ, ಪ್ಲಗ್‌ನಲ್ಲಿ ಇರುವಷ್ಟು ಹೊತ್ತೂ ಗುಂಯ್‌ಗುಟ್ಟುತ್ತದೆ. ಅಂಬೆಗಾಲಿಡುವ ಮಗುವಿನ ಕೈಗೆಟುಕುವಲ್ಲಿ ಅಂಥದ್ದೊಂದು ಪೆಟ್ಟಿಗೆ ಇರಲೇಬಾರದು. (ಬ್ರಿಟನ್, ಆಸ್ಟ್ರೇಲಿಯಾ, ದುಬೈಗೆ ಹೋಗುವವರಿಗೆ ಈ ಕಷ್ಟವಿಲ್ಲ. ಅಲ್ಲಿಯೂ ಸುಮಾರು 230 ವೋಲ್ಟ್. ಅರ್ಥಿಂಗ್ ಇರುವ ಒಳ್ಳೆಯ ಅಡಾಪ್ಟರ್ ಸಾಕು.)

ಅಲ್ಲಿನ ಕರೆಂಟಿಗೆಂದೇ ಮಾಡಿದ ಮಿಕ್ಸಿಗಳಲ್ಲಿ ಪ್ರೀತಿ ಇಕೋ ಪ್ಲಸ್ ನಮ್ಮವರ ಮನೆಗಳಲ್ಲಿ ಬಹಳ ಬಳಕೆಯಲ್ಲಿದೆ. 110 ವೋಲ್ಟ್ (ಹೆಸರಿಗೆ 110, ಅಲ್ಲಿನ 120ಕ್ಕೆ ಹೊಂದುವಂಥದ್ದೇ), 550 ವ್ಯಾಟ್, ಮೂರು ಸ್ಟೀಲ್ ಜಾರ್. ಇಂಡಿಯನ್ ಗ್ರೋಸರಿ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತದೆ. 550 ಎಂದರೆ ಕಡಿಮೆಯೆನಿಸಬಹುದು, ಆದರೆ ನಾಲ್ಕು ಜನರ ಮನೆಯ ದಿನದ ಚಟ್ನಿ, ಸಾರಿನಪುಡಿ, ಹುಳಿಯ ಮಸಾಲೆಗೆ ಧಾರಾಳ. ಇದರ ನಿಜವಾದ ಬೆಲೆ ತಿಳಿಯುವುದು ಚಿಕ್ಕ ಜಾರಿನಲ್ಲಿ. ಅಮೆರಿಕನ್ ಬ್ಲೆಂಡರ್ ಸ್ಮೂದಿಗೆ ಹೇಳಿ ಮಾಡಿಸಿದ್ದು. ಅದರ ಅಗಲವಾದ ಜಗ್‌ನಲ್ಲಿ ಅರ್ಧ ಬಟ್ಟಲು ಕಾಯಿತುರಿ ಗೋಡೆಗೆ ಅಂಟಿ ಕೂರುತ್ತದೆ, ನೀರು ಸುರಿಯದೆ ಬ್ಲೇಡಿಗೆ ಸಿಗುವುದಿಲ್ಲ, ಸುರಿದರೆ ಚಟ್ನಿ ನೀರು. ನಮ್ಮ ಚಟ್ನಿ ಜಾರಿನಲ್ಲಿ ಎರಡು ಚಮಚ ನೀರಿಗೇ ಗಟ್ಟಿಚಟ್ನಿ ಆಗುತ್ತದೆ.

ಆರು ತಿಂಗಳು ತುಂಬಿದ ಮಗುವಿಗೆ ರಾಗಿ ಸರಿ ಮಾಡುವವರಿಗೆ ಒಣಪುಡಿ ಮಾಡುವ ಜಾರ್ ಬೇಕೇ ಬೇಕು. ರಾಗಿ ತೊಳೆದು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು-ಒಂದೂವರೆ ದಿನ ಮೊಳಕೆಗೆ ಬಿಡಿ. ಕೆಡುವುದು ಇದರ ಮುಂದಿನ ಹಂತದಲ್ಲಿ: ಬಿಸಿಲಿಲ್ಲದ ಅಪಾರ್ಟ್‌ಮೆಂಟಿನಲ್ಲಿ ಒಳಗಿನ ಪಸೆ ಆರುವುದಿಲ್ಲ, ಹಾಗೇ ಬೀಸಿಟ್ಟರೆ ಹಿಟ್ಟಿಗೆ ಬೂಷ್ಟು ಬರುತ್ತದೆ. ತೆಳ್ಳಗೆ ಹರಡಿ ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆರಿದ ಮೇಲೆಯೇ ಜಾರಿಗೆ ಹಾಕಿ. ಒಂದು ಸಲಕ್ಕೆ ಅರ್ಧ ಕಪ್, 30 ಸೆಕೆಂಡ್ ಓಡಿಸಿ ನಿಲ್ಲಿಸಿ, ಹೀಗೆ ನಾಲ್ಕೈದು ಸಲ. ಮಿಕ್ಸಿಯ ಹಿಟ್ಟು ಗಿರಣಿಯದರಷ್ಟು ನುಣುಪಾಗದು. ತೆಳು ಬಟ್ಟೆಯಲ್ಲಿ ವಸ್ತ್ರಗಾಳಿಸಿದರೆ ಮಾತ್ರ ಮಗುವಿನ ಗಂಟಲಿಗೆ ಹಿತ.

ದೋಸೆಹಿಟ್ಟಿಗೆ ಇದನ್ನೇ ನಂಬಬೇಡಿ. ಒಂದು ಕಪ್ ಉದ್ದಿನವರೆಗೆ ಪರವಾಗಿಲ್ಲ, ಐಸ್ ನೀರು ಹಾಕಿ ರುಬ್ಬಿ, ಇಲ್ಲದಿದ್ದರೆ ಬ್ಲೇಡಿನ ಬಿಸಿಗೆ ಹಿಟ್ಟು ಕಾದು ಉಬ್ಬು ಕಳೆದುಕೊಳ್ಳುತ್ತದೆ. ವಾರಕ್ಕಾಗುವಷ್ಟು ರುಬ್ಬುವವರು 110 ವೋಲ್ಟ್‌ನ ವೆಟ್ ಗ್ರೈಂಡರ್ ಬೇರೆಯೇ ಕೊಳ್ಳುವುದು ಮೇಲು. ಚಳಿಗಾಲದಲ್ಲಿ ಹಿಟ್ಟು ಹುದುಗದಿದ್ದರೆ ಮಿಕ್ಸಿಯನ್ನು ದೂರಬೇಡಿ. ಮನೆಯೊಳಗೆ 20 ಡಿಗ್ರಿ ಇದ್ದರೆ ಹಿಟ್ಟು ಏಳುವುದೇ ನಿಧಾನ; ಓವನ್ ಆಫ್ ಮಾಡಿ ಒಳಗಿನ ದೀಪ ಮಾತ್ರ ಹಾಕಿ, ಪಾತ್ರೆ ಅದರೊಳಗಿಡಿ, 10-14 ಗಂಟೆಯಲ್ಲಿ ಏಳುತ್ತದೆ. ಪಾತ್ರೆ ಒಳಗಿದೆಯೆಂದು ಓವನ್ ಬಾಗಿಲಿಗೆ ಚೀಟಿ ಅಂಟಿಸಿ, ಮನೆಯವರು ಯಾರಾದರೂ ಮರೆತು ಹಚ್ಚಿಬಿಟ್ಟಾರು.

ಸದ್ದು ಇದರ ದೊಡ್ಡ ಕೊರತೆ. ಮಲಗಿದ ಕೂಸು ಖಂಡಿತ ಏಳುತ್ತದೆ, ಮರದ ನೆಲದ ಅಪಾರ್ಟ್‌ಮೆಂಟಿನಲ್ಲಿ ಕೆಳಮನೆಯವರಿಗೂ ಕೇಳುತ್ತದೆ. ಸದ್ದು ತಗ್ಗಲೆಂದು ಮಿಕ್ಸಿಯ ಕೆಳಗೆ ಟವೆಲ್ ಮಡಿಸಿಡಬೇಡಿ: ಮೋಟಾರಿಗೆ ಗಾಳಿ ಹೋಗುವ ಕಿಂಡಿಗಳು ತಳದಲ್ಲೇ ಇವೆ, ಮುಚ್ಚಿದರೆ ಕಾಯುತ್ತದೆ. ದಪ್ಪ ರಬ್ಬರ್ ಹಾಸು ಆದೀತು, ಮಿಕ್ಸಿಯ ಕಾಲುಗಳು ಅದರಲ್ಲಿ ಹೂತುಹೋಗಬಾರದು ಅಷ್ಟೇ. ನಡುವೆ ಥಟ್ಟನೆ ನಿಂತರೆ ಕೆಟ್ಟಿತೆಂದು ಹೆದರಬೇಡಿ. ಪ್ಲಗ್ ತೆಗೆದು, ಜಾರಿನಲ್ಲಿರುವುದನ್ನು ಅರ್ಧದಷ್ಟು ಹೊರತೆಗೆದು, ಹತ್ತು ನಿಮಿಷ ಆರಲು ಬಿಟ್ಟು, ತಳದ ಓವರ್‌ಲೋಡ್ ಗುಂಡಿ ಒತ್ತಿ. ಮೊದಲು ಸವೆಯುವುದು ಕಪ್ಲರ್ (ಜಾರನ್ನು ಮೋಟಾರಿಗೆ ಜೋಡಿಸುವ ಭಾಗ) ಮತ್ತು ಮುಚ್ಚಳದ ಗ್ಯಾಸ್ಕೆಟ್. ಎರಡೆರಡು ಜೊತೆ ಮಿಕ್ಸಿಯೊಂದಿಗೇ ಕೊಂಡಿಡಿ.

ಗ್ಯಾಸ್ಕೆಟ್ ವಿಷಯದಲ್ಲಿ ಇನ್ನೊಂದು ಮಾತು. ಅಲ್ಲಿನ ಅನೇಕ ಡೇಕೇರ್, ಶಾಲೆಗಳಲ್ಲಿ ಅಲರ್ಜಿಯ ಕಾರಣಕ್ಕೆ ಕಡಲೆಕಾಯಿ ನಿಷಿದ್ಧ. ಶೇಂಗಾ ಚಟ್ನಿಪುಡಿ ಮಾಡಿದ ಜಾರಿನಲ್ಲೇ ಮಗುವಿನ ಡಬ್ಬಿಯ ಚಟ್ನಿ ರುಬ್ಬಬೇಡಿ, ತೊಳೆದರೂ ಗ್ಯಾಸ್ಕೆಟ್ ಸಂದಿಯಲ್ಲಿ ಪುಡಿ ಉಳಿಯುತ್ತದೆ. ಡಬ್ಬಿಗೆ ಹುರಿಗಡಲೆ ಚಟ್ನಿ, ಅದಕ್ಕೆ ಬೇರೆ ಜಾರ್.

ಮುಂದೆ ಊರಿಗೆ ಮರಳುವಾಗ ಈ ಮಿಕ್ಸಿಯನ್ನು ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ. ತಂದದ್ದೇ ಆದರೆ ತಳಕ್ಕೆ "110 ವೋಲ್ಟ್ ಮಾತ್ರ" ಎಂದು ದೊಡ್ಡದಾಗಿ ಬರೆದಂಟಿಸಿ. ಅಜ್ಜಿ ಗೊತ್ತಿಲ್ಲದೆ ಬೆಂಗಳೂರಿನ ಸಾಕೆಟ್ಟಿಗೆ ಚುಚ್ಚಿದರೆ ಮೋಟಾರ್ ಸುಟ್ಟುಹೋಗುತ್ತದೆ.